ನನ್ನ ಹಳೆಯ ಡಿ40 ಮತ್ತು ಶಿಷ್ಯನ ಝಡ್9: ಕನ್ನಡಿ ಬಿಟ್ಟುಕೊಟ್ಟ ಕ್ಯಾಮರಾದ ಕಥೆ

ಕಳೆದ ಫೆಬ್ರವರಿಯಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ. ಬೆಳಗ್ಗೆ ಏಳನೇ ತರಗತಿಯ ಮಕ್ಕಳನ್ನು ಮಾವಿನ ಮರದ ಅಡಿಯಲ್ಲಿ ಸಾಲಾಗಿ ನಿಲ್ಲಿಸಿ ಗ್ರೂಪ್ ಫೋಟೋ ತೆಗೆಯಲು ಹೊರಟಿದ್ದೆ. ಕೈಯಲ್ಲಿ ನನ್ನ ಹಳೆಯ ನಿಕಾನ್ ಡಿ40. 2008ರಲ್ಲಿ ಕೆಲವು ತಿಂಗಳ ಸಂಬಳದಿಂದ ಉಳಿಸಿ ಕೊಂಡದ್ದು. ಅಷ್ಟರಲ್ಲಿ ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಒಬ್ಬ ಹಳೆಯ ವಿದ್ಯಾರ್ಥಿ ಬಂದ. ಈಗ ಊರೂರಿನ ಮದುವೆಗಳಿಗೆ ಫೋಟೋ ತೆಗೆಯುವ ಹುಡುಗ. ಶಾಲೆಯ ಕಾರ್ಯಕ್ರಮಕ್ಕೆ ದುಡ್ಡು ತೆಗೆದುಕೊಳ್ಳದೆ ಫೋಟೋ ತೆಗೆದುಕೊಡುತ್ತೇನೆ ಎಂದು ತಾನಾಗಿಯೇ ಹೇಳಿ ಬಂದಿದ್ದ. ಅವನ ಹೆಗಲಿನಲ್ಲಿ ನಿಕಾನ್ ಝಡ್9.

"ಮಾಷ್ಟ್ರೇ, ಇನ್ನೂ ಇದೇ ಕ್ಯಾಮರಾವಾ? ಏಳನೇ ಕ್ಲಾಸಿನಲ್ಲಿ ನಮ್ಮ ಫೋಟೋ ತೆಗೆದದ್ದೂ ಇದರಲ್ಲೇ ಅಲ್ವಾ?" ಎಂದು ನಕ್ಕ.

ಮಕ್ಕಳ ಕಿವಿ ಚುರುಕು. ಒಂದು ಹುಡುಗಿ ಕೂಡಲೇ ಕೇಳಿದಳು: "ಸರ್, ನಿಮ್ಮದು ಎಷ್ಟು ಮೆಗಾಪಿಕ್ಸೆಲ್?" ಆರು ಎಂದೆ. "ಅಣ್ಣಂದು?" ನಲ್ವತ್ತೈದು ಎಂದ ಅವನು. ಅವಳು ಬೆರಳು ಮಡಚಿ ಲೆಕ್ಕ ಹಾಕಿ, "ಹಾಗಾದ್ರೆ ಅಣ್ಣನ ಫೋಟೋ ಏಳೂವರೆ ಪಟ್ಟು ಒಳ್ಳೇದಾ ಸರ್?" ಎಂದಳು.

ಒಳ್ಳೆಯ ಪ್ರಶ್ನೆ. ಗಂಟೆ ಹೊಡೆಯಿತು ಎಂದು ಬಿಟ್ಟುಬಿಡುವಂಥದ್ದಲ್ಲ. ಮರುವಾರ ಎರಡು ಪಿರಿಯಡ್ ಇದಕ್ಕೇ ಮೀಸಲಿಟ್ಟೆ. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರ ಹಿಂದೆ ನಮ್ಮ ಪಿಟಿಎ ಸಭೆಯಲ್ಲಿ ಎದ್ದ ಒಂದು ಗಲಾಟೆಯೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕನ್ನಡಿಯ ಕಥೆ. ಡಿಎಸ್‌ಎಲ್‌ಆರ್ ಎಂಬ ಹೆಸರಿನಲ್ಲಿರುವ 'ರಿಫ್ಲೆಕ್ಸ್' ಎಂದರೆ ಪ್ರತಿಫಲನ. ಕ್ಯಾಮರಾದೊಳಗೆ ಒಂದು ಕನ್ನಡಿ ಇದೆ ಎಂದು ಅರ್ಥ. ಈ ಕನ್ನಡಿ ಯಾಕೆ ಬೇಕಾಯಿತು? 1839ರಲ್ಲಿ ಫ್ರಾನ್ಸಿನ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತೋರಿಸಿದ ಕಾಲದಿಂದಲೂ ಫೋಟೋಗ್ರಾಫರಿಗೆ ಒಂದು ತೊಂದರೆ ಇತ್ತು. ಲೆನ್ಸಿನ ಹಿಂದೆ ಒಂದೋ ಕಣ್ಣು ಇರಬಹುದು, ಇಲ್ಲವೇ ಫಿಲ್ಮ್ ಇರಬಹುದು. ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ. ಆದ್ದರಿಂದ ಮೊದಲು ಗಾಜಿನ ತೆರೆಯ ಮೇಲೆ ಬಿದ್ದ ಬಿಂಬವನ್ನು ಕಪ್ಪು ಬಟ್ಟೆ ಹೊದ್ದು ನೋಡಬೇಕು. ಆಮೇಲೆ ಆ ಜಾಗಕ್ಕೆ ಪ್ಲೇಟ್ ತೂರಿಸಬೇಕು. ಅಷ್ಟರೊಳಗೆ ಮಗು ಅಲುಗಾಡಿದರೆ ಮುಗಿಯಿತು. ಬೇರೆ ಕಿಂಡಿಯಿಂದ ನೋಡಿ ತೆಗೆಯೋಣ ಎಂದರೆ, ಕಿಂಡಿ ಕಂಡದ್ದು ಬೇರೆ, ಲೆನ್ಸ್ ಕಂಡದ್ದು ಬೇರೆ.

ಇದಕ್ಕೆ ಉಪಾಯವೆಂದು ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇಡುವ ಆಲೋಚನೆಗೆ ಇಂಗ್ಲೆಂಡಿನ ಥಾಮಸ್ ಸಟ್ಟನ್ 1861ರಲ್ಲೇ ಪೇಟೆಂಟ್ ಪಡೆದಿದ್ದ. ಕನ್ನಡಿ ಬೆಳಕನ್ನು ಮೇಲಕ್ಕೆ ಕಳುಹಿಸುತ್ತದೆ, ನೀವು ನೋಡುತ್ತೀರಿ. ಗುಂಡಿ ಒತ್ತಿದಾಗ ಕನ್ನಡಿ ಎದ್ದು ದಾರಿ ಬಿಡುತ್ತದೆ, ಬೆಳಕು ನೇರವಾಗಿ ಫಿಲ್ಮಿಗೆ ಹೋಗುತ್ತದೆ. 35 ಮಿ.ಮೀ. ಫಿಲ್ಮಿನಲ್ಲಿ ಇಂಥ ಕ್ಯಾಮರಾ ಹೆಸರು ಮಾಡಿದ್ದು 1936ರಲ್ಲಿ, ಜರ್ಮನಿಯ ಕಿನೆ ಎಕ್ಸಾಕ್ಟಾದಿಂದ. ಆದರೆ ಅದರಲ್ಲಿ ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕಿತ್ತು, ಎಡ ಬಲ ತಿರುಗಿ ಕಾಣುತ್ತಿತ್ತು. 1949ರ ಕಾಂಟ್ಯಾಕ್ಸ್ ಎಸ್‌ನಲ್ಲಿ ಐದು ಮುಖದ ಗಾಜಿನ ಪ್ರಿಸಂ ಬಂದು ಆ ತೊಂದರೆ ಹೋಯಿತು. ಆದರೂ ಫೋಟೋ ತೆಗೆದ ಮೇಲೆ ಕನ್ನಡಿ ಮೇಲೆಯೇ ಉಳಿಯುತ್ತಿತ್ತು, ಮತ್ತೆ ಫಿಲ್ಮ್ ಸುತ್ತುವವರೆಗೂ ಎದುರು ಕತ್ತಲೆ. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್ 2ಬಿ ಎಂಬ ಕ್ಯಾಮರಾದಲ್ಲಿ ಕನ್ನಡಿ ತಟ್ಟನೆ ಕೆಳಗಿಳಿಯುವಂತಾಯಿತು. 1959ರಲ್ಲಿ ಇದನ್ನೆಲ್ಲ ಒಟ್ಟುಗೂಡಿಸಿಕೊಂಡು ನಿಕಾನ್ ಎಫ್ ಬಂತು. ಯುದ್ಧಭೂಮಿ, ಆಟದ ಮೈದಾನ, ಮದುವೆ ಮಂಟಪ, ಎಲ್ಲಿ ನೋಡಿದರೂ ಆಮೇಲೆ ಐವತ್ತು ವರ್ಷಕ್ಕೂ ಮೇಲೆ ಈ ಕನ್ನಡಿಯದ್ದೇ ರಾಜ್ಯ. ಟಪಕ್ ಎಂಬ ಆ ಸದ್ದು ಕೇಳಿದರೇ ಫೋಟೋ ಆಯಿತು ಎಂದು ಜನ ಮೈ ಸಡಿಲಿಸುತ್ತಿದ್ದರು.

ಇನ್ನು ಫಿಲ್ಮಿನ ಜಾಗಕ್ಕೆ ಬಂದ ಸೆನ್ಸರಿನ ಕಥೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಚಿಪ್ಪಿನ ಕಲ್ಪನೆ ಕೊಟ್ಟರು. ನಲ್ವತ್ತು ವರ್ಷ ಕಳೆದು 2009ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. 1975ರಲ್ಲಿ ಕೊಡಾಕ್ ಕಂಪೆನಿಯ ಸ್ಟೀವ್ ಸಾಸನ್ ಎಂಬ ಯುವ ಇಂಜಿನಿಯರ್ ಅಂಥ ಒಂದು ಚಿಪ್ ಇಟ್ಟು ಕ್ಯಾಮರಾ ಕಟ್ಟಿದರು. ತೂಕ ಸುಮಾರು ಮೂರೂವರೆ ಕಿಲೋ. ಚಿತ್ರ ಕಪ್ಪು ಬಿಳುಪು, ಉದ್ದಕ್ಕೆ 100 ಚುಕ್ಕಿ, ಅಡ್ಡಕ್ಕೆ 100 ಚುಕ್ಕಿ, ಒಟ್ಟು 10,000. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯಲು 23 ಸೆಕೆಂಡ್ ಬೇಕಿತ್ತು! ಮರುವರ್ಷ, 1976ರಲ್ಲಿ, ಅದೇ ಕಂಪೆನಿಯ ಬ್ರೈಸ್ ಬೇಯರ್‌ಗೆ ಕೆಂಪು, ಹಸಿರು, ನೀಲಿ ಚೌಕಗಳ ಸೋಸುಗಾಜಿಗೆ ಪೇಟೆಂಟ್ ಸಿಕ್ಕಿತು. ಇಂದಿನ ಹೆಚ್ಚಿನ ಕ್ಯಾಮರಾ, ಮೊಬೈಲುಗಳಲ್ಲಿ ಬಣ್ಣ ಬರುವುದು ಆ ಚೌಕಗಳ ಉಪಕಾರದಿಂದಲೇ. ಎರಡೂ ಕೈಯಲ್ಲಿದ್ದ ಕೊಡಾಕ್ ಮಾತ್ರ ಫಿಲ್ಮಿನ ಲಾಭವನ್ನೇ ನಂಬಿ ಕುಳಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ತಾನೇ ನೆಟ್ಟ ಮರದ ಹಣ್ಣು ಬೇರೆಯವರ ಪಾಲಾಯಿತು.

1991ರಲ್ಲಿ ನಿಕಾನ್ ಎಫ್3 ಕ್ಯಾಮರಾಕ್ಕೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಜೋಡಿಸಿ ಕೊಡಾಕ್ ಡಿಸಿಎಸ್ ಎಂದು ಮಾರಿದರು. ಚಿತ್ರ ಉಳಿಸುವ ಪೆಟ್ಟಿಗೆಯನ್ನು ಬೇರೆಯೇ ಹೆಗಲಿಗೆ ನೇತು ಹಾಕಿಕೊಳ್ಳಬೇಕಿತ್ತು. 1999ರಲ್ಲಿ 2.7 ಮೆಗಾಪಿಕ್ಸೆಲಿನ ನಿಕಾನ್ ಡಿ1 ಬಂದು ಪತ್ರಿಕೆಯವರ ಕೈಗೆ ಡಿಜಿಟಲ್ ಸೇರಿತು. ಆದರೆ ಸಾಮಾನ್ಯರ ಕೈಗೆ ಎಟಕುವಂತೆ ಮಾಡಿದ್ದು 2003ರ ಕ್ಯಾನನ್ 300ಡಿ. ಅದು ಅಮೆರಿಕದಲ್ಲಿ ಸಾವಿರ ಡಾಲರಿಗಿಂತ ಕಡಿಮೆಗೆ ಬಂತು. 2006ರ ನವೆಂಬರಿನಲ್ಲಿ ಅದಕ್ಕಿಂತಲೂ ಅಗ್ಗವಾಗಿ, ಲೆನ್ಸ್ ಸೇರಿ ಸುಮಾರು 600 ಡಾಲರಿಗೆ ಬಂದದ್ದೇ ನನ್ನ ಡಿ40.

ಅಗ್ಗ ಮಾಡಲು ಏನೇನು ಬಿಟ್ಟಿದ್ದಾರೆ ನೋಡಿ. ಗಾಜಿನ ಪ್ರಿಸಂ ಬದಲು ಸಣ್ಣ ಕನ್ನಡಿಗಳ ಜೋಡಣೆ. ಫೋಕಸ್ ಬಿಂದು ಮೂರೇ ಮೂರು. ಕ್ಯಾಮರಾದೊಳಗೆ ಫೋಕಸ್ ಮೋಟಾರ್ ಇಲ್ಲ, ಲೆನ್ಸಿನಲ್ಲಿಯೇ ಮೋಟಾರ್ ಇರಬೇಕು. ಸೆಕೆಂಡಿಗೆ ಎರಡೂವರೆ ಚಿತ್ರ. ವಿಡಿಯೋ ಇಲ್ಲ. ಹಿಂದಿನ ಪರದೆಯಲ್ಲಿ ತೆಗೆದ ಮೇಲೆ ನೋಡಬಹುದೇ ಹೊರತು ತೆಗೆಯುವಾಗ ನೋಡುವಂತಿಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆಯೂ ನನ್ನಂಥ ಮಾಷ್ಟ್ರ ಕೈಗೆ ಒಂದು ನಿಜವಾದ ಕ್ಯಾಮರಾ ಬಂತಲ್ಲ, ಅದು ದೊಡ್ಡದು.

ಕನ್ನಡಿಗೆ ಸಂಚಕಾರ ಬಂದದ್ದು 2008ರಲ್ಲಿ. ಸೆನ್ಸರಿಗೆ ಬಿದ್ದ ಬೆಳಕನ್ನೇ ನೇರವಾಗಿ ಪರದೆಯಲ್ಲಿ ತೋರಿಸಬಹುದಾದರೆ ಕನ್ನಡಿ ಯಾಕೆ? ಕಣ್ಣೂ ಫಿಲ್ಮೂ ಒಂದೇ ಜಾಗದಲ್ಲಿ ಇರಲಾಗದು ಎಂಬ ಹಳೆಯ ತೊಂದರೆಯೇ ಹೋಯಿತಲ್ಲ! ಆ ವರ್ಷ ಪ್ಯಾನಸೋನಿಕ್ ಜಿ1 ಕನ್ನಡಿ ಕಿತ್ತು ಹಾಕಿತು. 2013ರಲ್ಲಿ ಸೋನಿ ಎ7 ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಯ ಸೆನ್ಸರಿನಲ್ಲೂ ಅದನ್ನೇ ಮಾಡಿತು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಅದೇ ದಾರಿಗೆ ಬಂದವು. 1959ರಿಂದ ನಿಕಾನಿನಲ್ಲಿ ಲೆನ್ಸ್ ಕೂರುವ ಬಾಯಿಗೂ ಫಿಲ್ಮಿಗೂ ನಡುವೆ 46.5 ಮಿ.ಮೀ. ಅಂತರ ಇತ್ತು. ಕನ್ನಡಿ ಎದ್ದು ಕೂರಲು ಜಾಗ ಬೇಕಲ್ಲ! ಕನ್ನಡಿ ಹೋದ ಮೇಲೆ ಝಡ್ ಸರಣಿಯಲ್ಲಿ ಅದು 16 ಮಿ.ಮೀ.ಗೆ ಇಳಿಯಿತು. 2020ರ ಡಿ6ರ ನಂತರ ನಿಕಾನ್ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. 2021ರ ಅಕ್ಟೋಬರಿನಲ್ಲಿ ಬಂದ ಝಡ್9 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನ್ನಡಿಯ ಜೊತೆಗೆ ಯಾಂತ್ರಿಕ ಶಟರನ್ನೂ ತೆಗೆದುಹಾಕಿತು. ಬಂದಾಗ ಅದರ ಬೆಲೆ ಸುಮಾರು 5,500 ಡಾಲರ್ ಇತ್ತು, ಅದೂ ಲೆನ್ಸ್ ಇಲ್ಲದೆ.

ಈಗ ಆ ಹುಡುಗಿಯ ಏಳೂವರೆ ಪಟ್ಟಿನ ಲೆಕ್ಕ. ಬೋರ್ಡಿನ ಮೇಲೆ ಬರೆದೆ. ಡಿ40ಯ ಚಿತ್ರ 3008 × 2000 ಚುಕ್ಕಿ, ಅಂದರೆ 60 ಲಕ್ಷ ಚಿಲ್ಲರೆ. ಝಡ್9ರದ್ದು 8256 × 5504, ಅಂದರೆ ನಾಲ್ಕೂವರೆ ಕೋಟಿ ಚಿಲ್ಲರೆ. ಭಾಗಿಸಿದರೆ ಏಳೂವರೆ ಪಟ್ಟು ಸರಿಯೇ. ಆದರೆ ಇದು ವಿಸ್ತೀರ್ಣದ ಲೆಕ್ಕ. ಉದ್ದವನ್ನು ಉದ್ದದಿಂದ ಭಾಗಿಸಿ ನೋಡಿ: 8256 ÷ 3008 = 2.74. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿಸಿದರೆ ನನ್ನ ಕ್ಯಾಮರಾದ ಫೋಟೋ 10 ಇಂಚು ಅಗಲಕ್ಕೆ ಬರುತ್ತದೆ, ಅವನದ್ದು 27 ಇಂಚಿಗೆ. ನಮ್ಮ ಗ್ರೂಪ್ ಫೋಟೋ ಯಾವಾಗಲೂ 8 ಇಂಚಿನದ್ದು.

ಇನ್ನು ಪ್ರಯೋಗ. ವಾರ್ಷಿಕೋತ್ಸವದ ದಿನ ಅದೇ ಮರದಡಿ, ಅದೇ ಸಾಲು, ಒಂದರ ಹಿಂದೊಂದು ಎರಡೂ ಕ್ಯಾಮರಾದಲ್ಲಿ ತೆಗೆದಿದ್ದೆವು. ಯಾವುದು ಯಾವುದರದ್ದು ಎಂದು ಹೇಳದೆ ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಅರ್ಧದಷ್ಟು ಮಕ್ಕಳು ತಪ್ಪು ಹೇಳಿದರು! ಯಾಕೆ? ನಮ್ಮ ಪ್ರೊಜೆಕ್ಟರ್ ತೋರಿಸುವುದೇ 1024 × 768 ಚುಕ್ಕಿ, ಎಂಟು ಲಕ್ಷಕ್ಕಿಂತ ಕಡಿಮೆ. ಸೇರಿನಲ್ಲಿ ಅಳೆಯುವಾಗ ಮನೆಯಲ್ಲಿ ಮುಡಿ ಅಕ್ಕಿ ಇದ್ದರೂ ಒಂದೇ, ಹತ್ತು ಮುಡಿ ಇದ್ದರೂ ಒಂದೇ.

ಹಾಗೆಂದು ಹಳೆಯದೇ ಸಾಕು ಎಂದು ಹೇಳಿದರೆ ಅದು ಸುಳ್ಳಾದೀತು. ಸಂಜೆ ಏನಾಯಿತು ಕೇಳಿ. ಮಕ್ಕಳ ಯಕ್ಷಗಾನ, ರಂಗಸ್ಥಳದಲ್ಲಿ ಎರಡು ಹಳದಿ ಬಲ್ಬು. ನನ್ನ ಕ್ಯಾಮರಾದಲ್ಲಿ ಐಎಸ್‌ಒ 1600, ಲೆನ್ಸ್ ಎಫ್5.6, ಶಟರ್ 1/30 ಸೆಕೆಂಡ್. ದಿಗಿಣ ಹಾಕುವ ಹುಡುಗ ಫೋಟೋದಲ್ಲಿ ಬಣ್ಣದ ಹೊಗೆಯ ಹಾಗೆ ಬಂದ. ಶಿಷ್ಯನ ಕ್ಯಾಮರಾದಲ್ಲಿ ಐಎಸ್‌ಒ 12800, ಲೆನ್ಸ್ ಎಫ್2.8, ಶಟರ್ 1/1000. ಗಾಳಿಯಲ್ಲಿರುವ ಗೆಜ್ಜೆಯ ಮಣಿ ಕೂಡ ಲೆಕ್ಕ ಮಾಡುವಂತಿದೆ. ಝಡ್9ರ ಫೋಕಸ್ ಬಿಂದುಗಳು 493. ಮುಖವನ್ನು, ಮುಖದಲ್ಲಿ ಕಣ್ಣನ್ನು ತಾನೇ ಹುಡುಕಿ ಹಿಡಿದುಕೊಳ್ಳುತ್ತದೆ. ಸೆಕೆಂಡಿಗೆ 20 ರಾ ಚಿತ್ರ. ಅಷ್ಟು ಆದರೂ ಸದ್ದಿಲ್ಲ. ಚೆಂಡೆ ನಿಂತು ಭಾಗವತರು ಮೆಲ್ಲನೆ ಎತ್ತಿಕೊಂಡಾಗ ನನ್ನ ಕ್ಯಾಮರಾದ ಟಪಕ್ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಅವನ ಕಡೆ ಯಾರೂ ನೋಡಲಿಲ್ಲ.

ಇದರಲ್ಲೂ ಒಂದು ಸೋಜಿಗ ಇದೆ. ಡಿ40ಯ ಒಂದೊಂದು ಚುಕ್ಕಿಯ ಅಗಲ ಸುಮಾರು 7.8 ಮೈಕ್ರಾನ್, ಝಡ್9ರದ್ದು ಸುಮಾರು 4.35. ಮಳೆಗೆ ಮಾಡಿನ ಅಡಿ ಇಟ್ಟ ಕೊಡಪಾನಗಳು ಎಂದುಕೊಳ್ಳಿ. ನನ್ನದರಲ್ಲಿ ಕೊಡಪಾನ ದೊಡ್ಡದು, ಸಂಖ್ಯೆ ಕಡಿಮೆ. ಆದರೂ ಹೊಸದು ಯಾಕೆ ಗೆಲ್ಲುತ್ತದೆ? ಒಂದು, ಅದರ ಅಂಗಳವೇ ದೊಡ್ಡದು. ಸೆನ್ಸರಿನ ವಿಸ್ತೀರ್ಣ ನನ್ನದರ ಎರಡು ಪಟ್ಟಿಗಿಂತ ಹೆಚ್ಚು, ಹಾಗಾಗಿ ಒಟ್ಟು ನೀರು ಹೆಚ್ಚು. ಎರಡು, ಹೊಸ ಸೆನ್ಸರಿನಲ್ಲಿ ತಂತಿಗಳೆಲ್ಲ ಹಿಂಬದಿಗೆ ಹೋಗಿ ಕೊಡಪಾನದ ಬಾಯಿ ಪೂರ್ತಿ ತೆರೆದಿದೆ. ಮೂರು, ಅಳೆಯುವಾಗ ಚೆಲ್ಲುವುದು, ಕಲಬೆರಕೆಯಾಗುವುದು ಬಹಳ ಕಡಿಮೆಯಾಗಿದೆ. ಸೆನ್ಸರಿನ ಬೆನ್ನಿಗೇ ಚಿಪ್ ಅಂಟಿಸಿದ್ದರಿಂದ ಇಡೀ ಚಿತ್ರವನ್ನು ಸೆಕೆಂಡಿನ ಸುಮಾರು 270ನೇ ಒಂದು ಭಾಗದಲ್ಲಿ ಓದಿ ಮುಗಿಸುತ್ತದೆ. ಯಾಂತ್ರಿಕ ಶಟರ್ ಬೇಡ ಎನ್ನುವ ಧೈರ್ಯ ಬಂದದ್ದು ಅದರಿಂದಲೇ. ಸಾಸನ್‌ರ 23 ಸೆಕೆಂಡನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಳೆಯದು ಗೆಲ್ಲುವ ಜಾಗವೂ ಒಂದಿದೆ. ನಡುಹಗಲಿನ ಬಿಸಿಲಲ್ಲಿ ಮುಖದ ನೆರಳು ಹೋಗಲಾಡಿಸಲು ಫ್ಲಾಶ್ ಹಾಕುತ್ತೇವಲ್ಲ, ಆಗ ಡಿ40 ಸೆಕೆಂಡಿನ 1/500 ವೇಗದವರೆಗೂ ಫ್ಲಾಶಿನ ಜೊತೆ ಹೊಂದಿಕೊಳ್ಳುತ್ತದೆ. ಝಡ್9ಕ್ಕೆ ಸಾಮಾನ್ಯ ರೀತಿಯಲ್ಲಿ 1/250ರವರೆಗೆ ಮಾತ್ರ. ತೂಕವೂ ಹಾಗೆ. ಬ್ಯಾಟರಿ ಇಲ್ಲದೆ ಡಿ40 475 ಗ್ರಾಂ, ಝಡ್9 1,160 ಗ್ರಾಂ. ಕನ್ನಡಿ ಹೋದ ಕೂಡಲೇ ಎಲ್ಲ ಹಗುರ ಆಯಿತು ಎನ್ನುವಂತಿಲ್ಲ. ಐದನೇ ತರಗತಿಯ ಮಗುವಿನ ಕೊರಳಿಗೆ ನಾನು ಡಿ40 ಧೈರ್ಯವಾಗಿ ಹಾಕುತ್ತೇನೆ. ಇನ್ನೊಂದನ್ನು ಹಾಕಲಾರೆ, ತೂಕಕ್ಕೂ ಬೆಲೆಗೂ ಎರಡಕ್ಕೂ ಹೆದರಿ.

ಇನ್ನು ಪಿಟಿಎ ಸಭೆ. ಯಕ್ಷಗಾನದ ಫೋಟೋ ನೋಡಿ ಹಳೆ ವಿದ್ಯಾರ್ಥಿಗಳು ಉತ್ಸಾಹದಿಂದ 60,000 ರೂಪಾಯಿ ಒಟ್ಟು ಮಾಡಿದರು. ಹೊಸ ಕ್ಯಾಮರಾ ತೆಗೆಯೋಣ ಎಂದು ಕೆಲವರು. ಫೋನೇ ಸಾಕು, ಛಾವಣಿ ಸೋರುವುದನ್ನು ನೋಡಿ ಎಂದು ಕೆಲವರು. ಮಾತು ಏರಿತು. ನಾನು ಎದ್ದು ನಿಂತು, ಇಷ್ಟು ವರ್ಷ ಹೇಳದೆ ಇದ್ದ ಒಂದು ತಪ್ಪನ್ನು ಹೇಳಿಕೊಂಡೆ.

2008ರಿಂದ 2014ರವರೆಗೆ ಈ ಶಾಲೆಯ ಪ್ರತಿಯೊಂದು ಸಮಾರಂಭದ ಫೋಟೋ ನಾನು ತೆಗೆದಿದ್ದೆ. ಹಂಚಿನ ಮಾಡಿನ ಹಳೆಯ ಕಟ್ಟಡ, ಅದರ ಜಗಲಿ, ಗೋಡೆಯ ಮೇಲೆ ಬರೆದಿದ್ದ ದೊಡ್ಡ ಕನ್ನಡ ಅಕ್ಷರಮಾಲೆ, ಎಲ್ಲ. ಎಲ್ಲವನ್ನೂ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೆ. 2014ರ ಮಳೆಗಾಲದಲ್ಲಿ ಒಂದು ದಿನ ಅದು ಕಟಕಟ ಸದ್ದು ಮಾಡಿ ನಿಂತಿತು. ಮತ್ತೆ ತೆರೆಯಲೇ ಇಲ್ಲ. ಎರಡು ವರ್ಷ ಕಳೆದು ಹಳೆಯ ಕಟ್ಟಡವನ್ನೂ ಕೆಡವಿದರು. ಈಗ ಆ ಜಗಲಿಯ ಫೋಟೋ ಶಾಲೆಯಲ್ಲಿ ಒಂದೂ ಇಲ್ಲ. ಆ ವರ್ಷಗಳಲ್ಲಿ ಉಳಿದದ್ದು ಮಕ್ಕಳ ಮನೆಗೆ ಅಚ್ಚು ಹಾಕಿಸಿ ಕೊಟ್ಟ ಗ್ರೂಪ್ ಫೋಟೋ ಮಾತ್ರ. ಅದೂ ಯಾರ ಯಾರ ಮನೆಯ ಕಪಾಟಿನಲ್ಲೋ. ನನ್ನ ಕ್ಯಾಮರಾ ಆರು ಮೆಗಾಪಿಕ್ಸೆಲ್ ಆದದ್ದರಿಂದ ಏನೂ ಹೋಗಲಿಲ್ಲ. ನನ್ನ ಅಸಡ್ಡೆಯಿಂದ ಹೋಯಿತು. ನಲ್ವತ್ತೈದರಲ್ಲಿ ತೆಗೆದಿದ್ದರೂ ಹೀಗೆಯೇ ಹೋಗುತ್ತಿತ್ತು.

ಮಕ್ಕಳಿಗೆ ನಾನು ಹಂಪಿಯ ಉದಾಹರಣೆ ಕೊಡುವುದುಂಟು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಫೋಕಸ್ ಬಿಂದು ಇಲ್ಲ, ಐಎಸ್‌ಒ ಇಲ್ಲ. ಆದರೆ ಆ ಕಾಗದಗಳು ಉಳಿದವು. ನೂರಮೂವತ್ತು ವರ್ಷದಷ್ಟು ಕಳೆದು 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವುದು ಬಿದ್ದಿದೆ, ಯಾವುದು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಉಳಿದ ಚಿತ್ರಕ್ಕೆ ಮಾತ್ರ ಇಂಥ ಸಾಕ್ಷಿ ಹೇಳಲು ಸಾಧ್ಯ.

ನಮಗೂ ಸಾಕ್ಷಿ ಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಗಡಿಯ ಈಚೆ ಕನ್ನಡ ಕಲಿಸುತ್ತಾ ಬಂದ ಶಾಲೆಗಳು ನಮ್ಮವು. ಈ ವರ್ಷ ನಮ್ಮ ಒಂದನೇ ತರಗತಿಗೆ ಸೇರಿದವರು ಒಂಬತ್ತು ಮಕ್ಕಳು. ಮುಂದೆ ಯಾರಾದರೂ ಇಲ್ಲಿ ಕನ್ನಡ ಶಾಲೆ ಇತ್ತೇ, ಎಷ್ಟು ಮಕ್ಕಳಿದ್ದರು ಎಂದು ಕೇಳಿದರೆ ಹಾಜರಿ ಪುಸ್ತಕದ ಜೊತೆ ತೋರಿಸಲು ನಾಲ್ಕು ಮುಖಗಳಾದರೂ ಬೇಡವೇ?

ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಆಮೇಲೆ ಶಿಷ್ಯನೇ ಎದ್ದ. "ಮಾಷ್ಟ್ರೇ, ಯಕ್ಷಗಾನದ ಫೋಟೋದಲ್ಲಿ ನನಗೆ ಸಿಕ್ಕಿದ್ದು 32 ಪಟ್ಟು ಹೆಚ್ಚು ವೇಗ. ಅದರಲ್ಲಿ ಎಂಟು ಪಟ್ಟು ಕ್ಯಾಮರಾದ್ದು, ನಾಲ್ಕು ಪಟ್ಟು ಲೆನ್ಸಿಂದು. ನಿಮ್ಮ ಕ್ಯಾಮರಾಕ್ಕೇ 35 ಮಿ.ಮೀ. ಎಫ್1.8 ಲೆನ್ಸ್ ಹಾಕಿ. ಅದಕ್ಕೆ ಒಳಗೇ ಮೋಟಾರ್ ಇದೆ. ಈಗಿನ ಎಫ್5.6ಕ್ಕಿಂತ ಒಂಬತ್ತು ಪಟ್ಟಿಗೂ ಮೇಲೆ ಬೆಳಕು. 1/30 ಇದ್ದದ್ದು 1/250 ಆಗ್ತದೆ. ರಂಗಸ್ಥಳದ ಬುಡಕ್ಕೆ ಹೋಗಿ ನಿಲ್ಲಬೇಕು, ಅಷ್ಟೇ" ಎಂದ. ಲೆಕ್ಕ ಸರಿಯಾಗಿತ್ತು. ಅವನಿಗೆ ಗಣಿತ ಕಲಿಸಿದ್ದು ನಾನೇ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಹಾಗೆ ಒಂದು ಸೆಕೆಂಡ್‌ಹ್ಯಾಂಡ್ ಲೆನ್ಸ್ ತಂದೆವು. ಎರಡು ಹಾರ್ಡ್‌ಡಿಸ್ಕ್ ತಂದೆವು. ಒಂದು ಶಾಲೆಯ ಕಪಾಟಿನಲ್ಲಿ, ಇನ್ನೊಂದು ಪಿಟಿಎ ಅಧ್ಯಕ್ಷರ ಮನೆಯಲ್ಲಿ. ವರ್ಷಕ್ಕೊಮ್ಮೆ ಐವತ್ತು ಫೋಟೋ ಆರಿಸಿ ಅಚ್ಚು ಹಾಕಿಸಿ, ಹಿಂದೆ ಹೆಸರು, ತಾರೀಕು ಬರೆದು ಆಲ್ಬಮಿನಲ್ಲಿಡುವುದೆಂದು ತೀರ್ಮಾನವಾಯಿತು. ಮಿಕ್ಕ ಹಣ ಛಾವಣಿಗೆ. ದೊಡ್ಡ ಕಾರ್ಯಕ್ರಮಗಳಿಗೆ ಝಡ್9 ಹೇಗೂ ಬರುತ್ತದೆ. ಅವನು ಮಾತು ಕೊಟ್ಟಿದ್ದಾನೆ.

ಈಗ ಮಕ್ಕಳು ಭಾನುವಾರಗಳಲ್ಲಿ ಮನೆಮನೆಗೆ ಹೋಗಿ ಹಳೆಯ ಗ್ರೂಪ್ ಫೋಟೋ ಹುಡುಕುತ್ತಿದ್ದಾರೆ. ಡಿ40ಯಲ್ಲೇ ಅದರ ಪ್ರತಿ ತೆಗೆದು ತರುತ್ತಾರೆ. ಇದುವರೆಗೆ ಹದಿನೇಳು ಸಿಕ್ಕಿವೆ. ಹೋದ ವಾರ ಸಿಕ್ಕಿದ ಒಂದರಲ್ಲಿ ಮಕ್ಕಳ ಸಾಲಿನ ಹಿಂದೆ ಹಳೆಯ ಜಗಲಿಯ ಮೂಲೆ ಕಾಣುತ್ತದೆ, ಗೋಡೆಯ ಅಕ್ಷರಮಾಲೆಯಲ್ಲಿ 'ಅ'ದಿಂದ 'ಊ'ವರೆಗೆ. ಬಾಕಿ ಅಕ್ಷರಗಳು ಯಾರ ಮನೆಯಲ್ಲಿವೆಯೋ. ನಮ್ಮ ಶಾಲೆಯಲ್ಲಿ ಕಲಿತವರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಮ್ಮೆ ನಿಮ್ಮ ಕಪಾಟು ತೆರೆದು ನೋಡಿ.